ಬೆಳ್ಳುಳ್ಳಿ ಜಜ್ಜುವ ಪಿನ್ನು

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದರೂ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಮುಗಿಯದ ಜಾಗದಲ್ಲಿ ಜೋಗಮ್ಮನ ಮನೆಯಿದೆ. ಹೊಸದಾಗಿ ಬಂದವರು ಅಲ್ಲಿ ಮೊದಲು ಎಡವುವುದು ಒಂದು ಹಲ್ಲಿಗೆ. ಗಣಿಯ ಲೋಡರಿನ ಬಕೆಟ್ಟಿಗೆ ತೊಡಿಸುವ ಉಕ್ಕಿನ ಹಲ್ಲು ಅದು. ಕಲ್ಲು ಕೆರೆದು ಕೆರೆದು ಮೊಂಡಾಗಿ, ಗಣಿಗೆ ಬೇಡವಾದ ಮೇಲೆ ಮನೆಗೆ ಬಂದು, ಗಾಳಿಗೆ ಬಾಗಿಲು ಬಡಿಯದಂತೆ ಕಾಯುವ ಕೆಲಸ ಹಿಡಿದಿದೆ. ಎಡವಿದವರು ಕಾಲು ಹಿಡಿದುಕೊಂಡು ಕುಣಿಯುತ್ತಿದ್ದರೆ ಜೋಗಮ್ಮ ಒಳಗಿನಿಂದಲೇ, "ಅದು ನಮ್ಮನೆ ನಾಯಿ, ಬನ್ನಿ ಒಳಗೆ" ಎನ್ನುತ್ತಾಳೆ.

ಆ ಮನೆಯಲ್ಲಿ ಗಣಿ ಬಿಸಾಕಿದ ಸಾಮಾನಿಗೆ ಕೊನೆಯಿಲ್ಲ. ಹಿತ್ತಲ ಒಲೆಯ ಮೂರು ಗುಂಡುಗಳೂ ಹಲ್ಲುಗಳೇ. ಬಚ್ಚಲ ಮೆಟ್ಟಿಲಿಗೆ ಹಾಸಿದ್ದು ಬಕೆಟ್ಟಿನ ಬ್ಲೇಡಿನ ತುಂಡು. ಒಂದು ಅಂಚು ಸವೆದ ಮೇಲೆ ತಿರುಗಿಸಿ ಹಾಕಿ, ಇನ್ನೊಂದು ಅಂಚೂ ಸವೆದ ಮೇಲೆ ತಂದದ್ದು. ಮೇಕೆ ಕಟ್ಟುವ ಗೂಟ, ಮಗ ಮಾರುತೇಶನ ತೊಟ್ಟಿಲು ತೂಗಿದ ಕೊಕ್ಕೆ, ಒಣಹಾಕಿದ ಸೀರೆ ಹಾರದಂತೆ ಒತ್ತುವ ಗುಂಡು, ಎಲ್ಲವನ್ನೂ ಅವಳ ಗಂಡ ಕ್ಯಾತಣ್ಣ ಒಂದೊಂದಾಗಿ ಹೊತ್ತು ತಂದಿದ್ದ. ಗಣಿಗೆ ಸೇರಿದ ಹೊಸದರಲ್ಲಿ ಅವನು ಸೋಮವಾರ ಬೆಳಿಗ್ಗೆ ಗಣಿಯ ಲಾರಿ ಹತ್ತಿದರೆ ಮನೆ ಕಾಣುತ್ತಿದ್ದದ್ದು ಶನಿವಾರ ಸಂಜೆಗೆ. ಬೇರೆಯವರ ಗಂಡಂದಿರು ಸಂತೆಯಿಂದ ಹೂವು, ಕಾರ, ಮಂಡಕ್ಕಿ ತರುತ್ತಿದ್ದರು. ಇವನು ಟವೆಲಿನಲ್ಲಿ ಕಬ್ಬಿಣ ಕಟ್ಟಿಕೊಂಡು ಬರುತ್ತಿದ್ದ. ಆಗ ಜೋಗಮ್ಮ ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಅದನ್ನೇ ನೆನೆಸಿಕೊಂಡು ಒಲೆಯ ಮುಂದೆ ಒಬ್ಬಳೇ ನಗುತ್ತಾಳೆ.

ಇಷ್ಟೆಲ್ಲದರಲ್ಲಿ ಅವಳಿಗೆ ಪ್ರಾಣವಾದದ್ದು ಒಂದು ಪಿನ್ನು. ಬಕೆಟ್ಟಿಗೆ ಬೆಸೆದ ಮೂತಿಯ ಮೇಲೆ ಹಲ್ಲು ತೊಡಿಸಿ, ಎರಡರ ತೂತೂ ಒಂದಾಗುವಂತೆ ಹೊಂದಿಸಿ ಬಡಿಯುವ ಗೇಣಿಗಿಂತ ಚೂರು ಗಿಡ್ಡದ ಉಕ್ಕಿನ ತುಂಡಿಗೆ ಪಿನ್ನು ಎನ್ನುತ್ತಾರೆ. ಹಲ್ಲು ಬೀಳದಂತೆ ಹಿಡಿಯುವುದು ಅದೊಂದೇ. ಮಾರುತೇಶ ಮಗುವಾಗಿದ್ದಾಗ ಕ್ಯಾತಣ್ಣ ತಂದುಕೊಟ್ಟ ಸವೆದ ಪಿನ್ನಿನಲ್ಲೇ ಅವಳು ಇವತ್ತಿನವರೆಗೂ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುರಿದ ಶೇಂಗಾ ಜಜ್ಜುತ್ತ ಬಂದಿದ್ದಾಳೆ. ಜಜ್ಜುವ ತುದಿ ಗುಂಡಗಾಗಿದೆ. ಹಿಡಿಯುವ ಜಾಗ ಅವಳ ಅಂಗೈಗೆ ಹೊಂದಿ ನುಣುಪಾಗಿದೆ. ಸೊಸೆ ವನಜಾಕ್ಷಿ ತಂದ ಮಿಕ್ಸಿ ಮನೆಯಲ್ಲಿದ್ದರೂ ಬೆಳ್ಳುಳ್ಳಿ ಖಾರ ಮಾತ್ರ ಪಿನ್ನಿನಲ್ಲೇ ಆಗಬೇಕು. ಮಿಕ್ಸಿಯ ಖಾರ ಮುದ್ದೆಗೆ ಅಂಟುವುದಿಲ್ಲ ಎಂದು ಅತ್ತೆ ಹಟ ಹಿಡಿದದ್ದಕ್ಕೆ ಸೊಸೆ ಕೆಲವು ವರ್ಷ ವಾದ ಮಾಡಿ, ಆಮೇಲೆ ಆ ಗೋಜೇ ಬೇಡವೆಂದು ಬಿಟ್ಟಿದ್ದಳು.

ಅದಿರಿನ ಗಣಿಗಳು ನಿಂತ ಕಾಲಕ್ಕೆ ಕ್ಯಾತಣ್ಣ ಊರಿಗೆ ಬಂದು ಮನೆಯ ಮುಂದೆ ತಗಡಿನ ಶೆಡ್ ಹಾಕಿದ್ದ. ಈಗ ಶೆಡ್ ಮಗನದು. ಮೊಳಕಾಲ್ಮೂರಿನ ಆಚೆ ಗುಂಡುಗಲ್ಲಿನ ಗುಡ್ಡದ ಬುಡದಲ್ಲಿರುವ ಒಂದು ಕಲ್ಲುಗಣಿಯಲ್ಲಿ ಲೋಡರ್‌ಗಳ ಹಲ್ಲು, ಬ್ಲೇಡು ಬದಲಾಯಿಸುವ ಕೆಲಸವನ್ನು ಮಾರುತೇಶ ಹಿಡಿದಿದ್ದ. ಅಪ್ಪ ಮಗ ಲಗೇಜ್ ಆಟೋದಲ್ಲಿ ಹೋಗಿ, ಕತ್ತಲಾಗುವ ಮುಂಚೆ ಬರುತ್ತಿದ್ದರು. ಅಪ್ಪ ಇಕ್ಕಳದಲ್ಲಿ ಪಿನ್ನು ನೆಟ್ಟಗೆ ಹಿಡಿದರೆ ಮಗ ಸಮ್ಮಟಿ ಎತ್ತುತ್ತಿದ್ದ. ಪಿನ್ನು ಒಳಗೆ ಕೂರುವವರೆಗೆ ಏಟಿನ ಸದ್ದು ಮಂದವಾಗಿರುತ್ತದೆ, ಪೂರ್ತಿ ಕೂತಾಗ ಠಣ್ ಎನ್ನುತ್ತದೆ. ಆ ಸದ್ದು ಕೇಳಿಯೇ ಕ್ಯಾತಣ್ಣ ಸಾಕು ಎನ್ನುತ್ತಿದ್ದ. ಆದರೆ ಒಂದು ಆಯುಷ್ಯದಷ್ಟು ಏಟು ಕೇಳಿದ ಕಿವಿ ಈಚೆಗೆ ಅರ್ಧ ಮುಚ್ಚಿಕೊಂಡಿತ್ತು. ಅದಕ್ಕೆ ಅವನು ಹಲ್ಲಿನ ಬೆನ್ನಿಗೆ ಅಂಗೈ ಇಟ್ಟು, ಕೈಗೆ ಬರುವ ನಡುಕದಲ್ಲೇ ಸದ್ದನ್ನು ತಿಳಿಯುತ್ತಿದ್ದ. ಹೊಸ ಹಲ್ಲಿಗೆ ಹೊಸ ಪಿನ್ನೇ ಆಗಬೇಕು, ಹಾಕಿದ ಮಾರನೇ ದಿನ ಇನ್ನೊಮ್ಮೆ ನೋಡಬೇಕು ಎಂಬ ಎರಡು ಮಾತನ್ನು ಮಗನಿಗೆ ಬೇಸರವಾಗುವಷ್ಟು ಸಲ ಹೇಳಿದ್ದ.

ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಮಾರುತೇಶ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೊಸ ಪಿನ್ನುಗಳನ್ನು ಹರಡಿಕೊಂಡು ಡೀಸೆಲ್ ಬಟ್ಟೆಯಲ್ಲಿ ಗ್ರೀಸು ಒರೆಸುತ್ತಿದ್ದ. ಕುದಾಪುರದ ಒಂದು ಕ್ಯಾಂಪಸ್ಸಿನ ಕ್ಯಾಂಟೀನಿಗೆ ಕೆಲಸಕ್ಕೆ ಹೋಗುವ ವನಜಾಕ್ಷಿ, ಬಸ್ಸಿಗೆ ಹೊತ್ತಾಯಿತೆಂದು ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಪಾತ್ರೆ ತಿಕ್ಕಿ ಬೋರಲು ಹಾಕಿ ಓಡಿದಳು. ಅತ್ತೆಯ ಪಿನ್ನೂ ತೊಳೆದು ಅಲ್ಲೇ ಇಟ್ಟಿದ್ದಳು. ಬುತ್ತಿ ಕಟ್ಟುವ ಆತುರದಲ್ಲಿ ಜೋಗಮ್ಮ ಮೇಕೆಗೆ ಬೈಯುತ್ತ, ಹಿಂದೆ ಮುಂದೆ ನೋಡದೆ, ಕಲ್ಲಿನ ಮೇಲೆ ಕೈಗೆ ಸಿಕ್ಕ ಪಿನ್ನು ಎತ್ತಿಕೊಂಡು ಬಂದಳು. ಅಷ್ಟರಲ್ಲಿ ಗಣಿಯ ಮೇಲ್ವಿಚಾರಕ ಅಮರೇಶನ ಫೋನು ಬಂತು. ಲೋಡರ್ ನಿಂತಿದೆ, ಬೇಗ ಬಾ ಎಂದು ಅವನು ಅವಸರ ಮಾಡಿದ. ಮಾರುತೇಶ ಕಲ್ಲಿನ ಮೇಲಿದ್ದ ಪಿನ್ನುಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದ. ಒಳಗೆ ಜೋಗಮ್ಮನ ಅಂಗೈಗೆ ಏನೋ ಚುಚ್ಚಿದಂತಾಯಿತು, ಮೂಗಿಗೆ ಡೀಸೆಲ್ ವಾಸನೆಯೂ ಬಡಿಯಿತು. ಸೊಸೆ ಸರಿಯಾಗಿ ತೊಳೆದಿಲ್ಲವೆಂದು ಗೊಣಗುತ್ತ ಬೂದಿ ಹಾಕಿ ತಿಕ್ಕಿ ಬೆಳ್ಳುಳ್ಳಿ ಜಜ್ಜಿದಳು. ಸಂಜೆ ಸೊಸೆ ಬಂದ ಮೇಲೆ ಅದಕ್ಕೊಂದು ಜಗಳವೂ ಆಯಿತು.

ಎರಡು ದಿನ ಕಳೆದಿರಲಿಲ್ಲ, ಹೊಸದಾಗಿ ಹಾಕಿದ ಹಲ್ಲುಗಳಲ್ಲಿ ಒಂದು ಕಳಚಿ ಬಿತ್ತು. ಬಿದ್ದದ್ದು ಕಲ್ಲಿನ ರಾಶಿಯಲ್ಲಿ ಸೇರಿ, ಟಿಪ್ಪರ್ ಹತ್ತಿ, ಕ್ರಷರಿನ ಬಾಯಿಗೆ ಹೋಯಿತು. ಕಲ್ಲು ಅಗಿಯುವ ಬಾಯಿ ಉಕ್ಕನ್ನು ಅಗಿಯುತ್ತದೆಯೇ? ಒಳಗಿನ ದಪ್ಪ ಪ್ಲೇಟು ಬಿರುಕು ಬಿಟ್ಟು ಇಡೀ ಕ್ರಷರು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಅಪ್ಪ ಮಗ ಇಬ್ಬರೂ ಹೋಗಿ ಬಂದರು. ಮಾರುತೇಶ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು ಮಾಡಿದ.

"ಅಪ್ಪ, ಇನ್ನು ನೀನು ಬರೋದು ಬ್ಯಾಡ. ಕಿವಿ ಕೇಳ್ದೇ ಇರೋರು ಮಿಷನ್ ಹತ್ರ ಕಾಲಿಡಬಾರ್ದು ಅಂತ ಅಮರೇಶಣ್ಣ ಎಲ್ಲರ ಎದುರಿಗೆ ಅಂದ. ನಾನು ತಲೆ ತಗ್ಗಿಸ್ಕಂಡು ನಿಂತಿದ್ದೆ."

ಕ್ಯಾತಣ್ಣ ಕಾಲು ತೊಳೆಯುತ್ತಿದ್ದ.

"ಪಿನ್ನು ಪೂರ್ತಿ ಕೂತಿರ್ಲಿಲ್ಲ. ನೀನೇ ಹಿಡಿದಿದ್ದೆ, ನೀನೇ ಸಾಕು ಅಂದೆ. ಅಂದ್ಯೋ ಇಲ್ವೋ?"

"ಅಂದೆ."

"ಬಿದ್ದಿರೋ ಪಿನ್ನಾದ್ರೂ ಸಿಕ್ತಾ ನಿಂಗೆ? ಅಷ್ಟೊತ್ತು ನೆಲ ನೋಡ್ಕಂಡು ತಿರುಗ್ತಿದ್ದೆಲ್ಲ."

"ಇಲ್ಲ. ಕಲ್ಲಿನ ಜತೆ ಹೋಗಿರ್ಬೇಕು" ಎಂದು ಕ್ಯಾತಣ್ಣ ಒಳಗೆ ಬಂದು ತಟ್ಟೆಯ ಮುಂದೆ ಕೂತ. ಆ ಹೊತ್ತು ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ.

ಮಾರನೇ ಬೆಳಿಗ್ಗೆ ಜೋಗಮ್ಮ ಒರಳಿಗೆ ಬೆಳ್ಳುಳ್ಳಿ ಹಾಕಿಕೊಂಡು ಪಿನ್ನು ಎತ್ತಿದಳು. ಅಂಗೈಗೆ ಮತ್ತೆ ಚುಚ್ಚಿತು. ಬೆಳಕಿಗೆ ಹಿಡಿದು ನೋಡಿದಳು. ತುದಿ ಚಪ್ಪಟೆಯಾಗಿತ್ತು, ಅಂಚು ಹರಿತವಾಗಿತ್ತು, ತಲೆಯ ಮೇಲೆ ಒತ್ತಿದ ಅಚ್ಚಿನ ಅಕ್ಷರಗಳು ಈಗ ತಾನೇ ಒತ್ತಿದಂತೆ ಮೂಡಿದ್ದವು. ಅವಳಿಗೆ ಓದು ಬಾರದು. ಆದರೆ ಅವಳ ಪಿನ್ನಿನ ತಲೆಯ ಅಕ್ಷರ ಮಾರುತೇಶ ಶಾಲೆಗೆ ಸೇರುವ ಮುಂಚೆಯೇ ಅಳಿಸಿಹೋಗಿತ್ತು. ಲೋಡರ್‌ಗಳು ಎಷ್ಟು ಬದಲಾದರೂ ಆ ಅಳತೆಯ ಪಿನ್ನು ಬದಲಾಗಿಲ್ಲ ಎಂದು ಗಂಡ ಆಗಾಗ ಹೇಳುತ್ತಿದ್ದದ್ದು ನೆನಪಾಯಿತು. ತನ್ನ ಬೆಳ್ಳುಳ್ಳಿಯ ಪಿನ್ನು ಚೀಲದಲ್ಲಿ ಗಣಿಗೆ ಹೋಗಿತ್ತು. ಗಂಡನ ಕಿವಿಯದೂ ತಪ್ಪಲ್ಲ, ಕಣ್ಣಿನದೂ ಅಲ್ಲ.

ಸಂಜೆ ಹೇಳಿಬಿಡೋಣ ಎಂದುಕೊಂಡು ಆ ಹೊಸ ಪಿನ್ನನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಹೂತಿಟ್ಟಳು.

ಸಂಜೆ ಆಯಿತು. ಕ್ಯಾತಣ್ಣ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳಿಗೆ ಬೆಳ್ಳುಳ್ಳಿ ಸುಲಿದುಕೊಟ್ಟ. ಮದುವೆಯಾದಾಗಿನಿಂದ ಆ ಮನುಷ್ಯ ಒಲೆಯ ಹತ್ತಿರ ಅಷ್ಟು ಹೊತ್ತು ಕೂತಿರಲಿಲ್ಲ. ಬಂದಾಗಲೆಲ್ಲ ದಣಿದು ಬರುತ್ತಿದ್ದ, ಉಂಡು ಮಲಗುತ್ತಿದ್ದ. ನಾಳೆ ಹೇಳಿದರಾಯಿತು ಎಂದು ಜೋಗಮ್ಮ ಬಾಯಿ ಬಿಗಿಹಿಡಿದಳು. ನಾಳೆಯೂ ಅವನು ಕೂತ. ನೀರು ತಂದುಕೊಟ್ಟ, ಮೇಕೆಗೆ ಸೊಪ್ಪು ಕತ್ತರಿಸಿದ, ಮೊಮ್ಮಗಳು ಆಶಾಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬಂದ. ಹೀಗೆ ನಾಳೆ ನಾಳೆ ಎನ್ನುತ್ತ ವಾರಗಳು ಉರುಳಿದವು. ಜೋಗಮ್ಮನಿಗೆ ಒಳಗೊಳಗೇ ಹಿಂಸೆಯಾಗುತ್ತಿತ್ತು, ಅಷ್ಟೇ ಸುಖವೂ ಆಗುತ್ತಿತ್ತು. ಯಾವುದು ಹೆಚ್ಚು ಎಂದು ಕೇಳಿದ್ದರೆ ಅವಳು ಎದ್ದುಹೋಗುತ್ತಿದ್ದಳು.

ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ಕುದಾಪುರದ ಹತ್ತಿರ ಅವಳ ಅಣ್ಣ ದೊಡ್ಡಪಾಲಯ್ಯನ ಮನೆಗೆ ಹೋದರು. ಅವಳ ತವರಿನವರು ಕುರಿಯವರು. ಮದುವೆಯಾದ ಮೊದಲ ವರ್ಷ, ಗಣಿಯ ಕೆಲಸ ಸಿಗುವ ಮುಂಚೆ, ಕ್ಯಾತಣ್ಣನೂ ಅವಳೂ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಅಣ್ಣನ ಕುರಿ ಕಾಯ್ದಿದ್ದರು. ಬೆಳಗಿನಿಂದ ಸಂಜೆಯವರೆಗೂ ಜೊತೆಯಲ್ಲಿದ್ದ ವರ್ಷ ಅದೊಂದೇ. ಮಳೆ ಬಿದ್ದ ಮೇಲೆ ಹುಲ್ಲು ಸೊಂಟದವರೆಗೆ ಬೆಳೆದು, ಕುರಿಗಳು ಒಳಗೆ ಇಳಿದರೆ ಬೆನ್ನು ಮಾತ್ರ ಕಾಣುತ್ತಿತ್ತು. ಕ್ಯಾತಣ್ಣ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರೆ ಆಚೆ ದಿಬ್ಬದ ಕುರಿಯೂ ತಲೆ ಎತ್ತುತ್ತಿತ್ತು. ಅವಳು ಸೆರಗಿನಲ್ಲಿ ತಂದ ಸಜ್ಜೆ ರೊಟ್ಟಿಯನ್ನು ಇಬ್ಬರೂ ಒಂದೇ ಟವೆಲಿನ ಮೇಲಿಟ್ಟು ತಿನ್ನುತ್ತಿದ್ದರು.

ಈಗ ಕಾವಲಿಗೆ ಉದ್ದಕ್ಕೂ ಬೇಲಿ, ಗೋಡೆ. ದೊಡ್ಡಪಾಲಯ್ಯ ರಸ್ತೆ ಬದಿಯ ತುಂಡು ಜಾಗದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ. ಮೂವರೂ ಬೇಲಿಯ ಈಚೆ ನೆರಳಿನಲ್ಲಿ ಕೂತು ರೊಟ್ಟಿ ತಿಂದರು. ಜೋಗಮ್ಮ ಹಳೆಯದನ್ನೆಲ್ಲ ಒಂದೊಂದಾಗಿ ಎತ್ತಿದಳು. ಆ ಕರೀ ಟಗರು ನಿನ್ನ ಹಾಯ್ದದ್ದು ನೆನಪೈತಾ, ಆಲಿಕಲ್ಲು ಬಿದ್ದದ್ದು ನೆನಪೈತಾ ಎಂದು ಜೋರಾಗಿ ಕೇಳಿದಳು. ಕ್ಯಾತಣ್ಣ ಎಲ್ಲದಕ್ಕೂ ಹೂಂ ಎಂದ. ಅಣ್ಣ ತಮಾಷೆಗೆ, ಒಂದು ಸಿಳ್ಳೆ ಹೊಡಿ ಭಾವ ಎಂದ. ಕ್ಯಾತಣ್ಣ ಬೆರಳು ಬಾಯಿಗಿಟ್ಟ. ಬರೀ ಗಾಳಿ ಹೊರಟಿತು, ಒಂದು ಕುರಿಯೂ ತಿರುಗಿ ನೋಡಲಿಲ್ಲ. ಅವನು ಬೆರಳು ಒರೆಸಿಕೊಂಡು, ಬೇಲಿಯ ಆಚೆ ಮಣ್ಣು ತೋಡುತ್ತಿದ್ದ ಒಂದು ಲೋಡರಿನ ಕಡೆ ಮುಖ ಮಾಡಿ ಕೂತ. ಬಸ್ಸು ಬರುವವರೆಗೂ ಅದನ್ನೇ ನೋಡಿದ. "ಮೂಲೆ ಹಲ್ಲು ಸವೆದೈತೆ. ನಡುವಿಗೆ ಬದಲಾಯಿಸ್ಬೇಕಿತ್ತು" ಎಂದು ಒಮ್ಮೆ ಅಂದ. ಆ ದಿನ ಅವನಾಗಿಯೇ ಆಡಿದ ಮಾತು ಅದೊಂದೇ.

ಮನೆಯಲ್ಲಿ ಊಟದ ಹೊತ್ತೂ ಮೊದಲಿನಂತಿರಲಿಲ್ಲ. ಜೋಗಮ್ಮ ಈಗ ಬೆಳ್ಳುಳ್ಳಿಯನ್ನು ಒಂದು ಕಲ್ಲಿನಲ್ಲಿ ಜಜ್ಜುತ್ತಿದ್ದಳು. ಪಿನ್ನು ಎಲ್ಲಿ ಎಂದು ಆಶಾ ಕೇಳಿದ್ದಕ್ಕೆ ಮೇಕೆ ಎಲ್ಲೋ ಉರುಳಿಸಿದೆ ಎಂದಿದ್ದಳು. ಹುಡುಗಿ ಸುಮ್ಮನಾಗುವವಳಲ್ಲ.

"ಅಜ್ಜಿ, ಖಾರದಾಗೆ ಕಲ್ಲು ಸಿಗ್ತೈತೆ. ಮಿಕ್ಸಿಗೇ ಹಾಕು."

"ಚೆನ್ನಾಗೈತೆ, ತಿನ್ನು" ಎಂದ ಕ್ಯಾತಣ್ಣ, ತಟ್ಟೆಯಿಂದ ತಲೆ ಎತ್ತದೆ.

ವನಜಾಕ್ಷಿ ಅತ್ತೆಯ ಮುಖ ನೋಡಿದಳು. ಜೋಗಮ್ಮ ಸಾರಿನ ಪಾತ್ರೆಯೊಳಗೆ ಸೌಟು ಹುಡುಕಿದಳು.

ಮಾರುತೇಶನಿಗೂ ಸುಖವಿರಲಿಲ್ಲ. ಪಿನ್ನು ಹಿಡಿಯಲು ರಾಂಪುರದ ಕಡೆಯ ಒಬ್ಬನನ್ನು ಕರೆದುಕೊಂಡಿದ್ದ. ಅವನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಿದ್ದ, ಪಿನ್ನು ಮಾತ್ರ ಸೊಟ್ಟ ಹಿಡಿಯುತ್ತಿದ್ದ. ಸಮ್ಮಟಿ ಜಾರಿ ಮಾರುತೇಶನ ಹೆಬ್ಬೆರಳು ಬದನೆಕಾಯಿಯಾಯಿತು. ಮನೆಗೆ ಬಂದರೆ ಸಾರಿಗೆ ಉಪ್ಪಿಲ್ಲವೆಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಉಪ್ಪು ಪಕ್ಕದಲ್ಲೇ ಐತೆ, ಹಾಕ್ಕಳಿ ಎಂದು ಅವಳು ಡಬ್ಬ ಕುಕ್ಕುತ್ತಿದ್ದಳು. ಅಪ್ಪನ ಕೈ ಬೇಕೆಂದು ಅವನಿಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಕೇಳಲು ಅವನಿಗೂ ನಾಲಿಗೆ ಬರಲಿಲ್ಲ. ಎಲ್ಲರ ಎದುರಿಗೆ ತಲೆ ತಗ್ಗಿಸಿ ಬಂದವನು ಮತ್ತೆ ಯಾವ ಮುಖದಲ್ಲಿ ಅಪ್ಪನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ?

ಶೇಂಗಾ ಕೀಳುವ ಕಾಲ ಬಂತು. ಒಂದು ಮಧ್ಯಾಹ್ನ ಮೇಕೆಯ ಗೂಟ ಅಲುಗಾಡುತ್ತಿತ್ತೆಂದು ಕ್ಯಾತಣ್ಣ ಶೆಡ್ಡಿನಿಂದ ತನ್ನ ಸಮ್ಮಟಿ ತಂದು ಬಡಿದ. ಬಡಿದವನು ಸಮ್ಮಟಿಯನ್ನು ಅಲ್ಲೇ ಮಣ್ಣಿನಲ್ಲಿ ಬಿಟ್ಟು ಒಳಗೆ ಬಂದು ಮಲಗಿದ. ಸಂಜೆ ಮಳೆ ಬಂತು, ಮರುದಿನವೂ ಬಂತು. ಆ ಸಮ್ಮಟಿಯನ್ನು ಅವನು ಹಬ್ಬದ ದಿನವೂ ಒರೆಸದೆ ಇಟ್ಟವನಲ್ಲ, ಹಿಡಿಗೆ ಎಣ್ಣೆ ಸವರದೆ ಗೋಡೆಗೆ ಒರಗಿಸಿದವನಲ್ಲ. ಜೋಗಮ್ಮ ಸಗಣಿ ಬಾಚಲು ಹೋದಾಗ ಅದು ಗೂಟದ ಪಕ್ಕ ಕೆಂಪು ತುಕ್ಕು ಹಿಡಿದು ಬಿದ್ದಿತ್ತು. ಎತ್ತಿಕೊಂಡು ಬಂದು, ಇದನ್ನು ಒಳಗಿಡಬಾರದಿತ್ತೇ ಎಂದು ಗಂಡನಿಗೆ ತೋರಿಸಿದಳು.

ಕ್ಯಾತಣ್ಣ ಅದನ್ನು ನೋಡಿದ, ಆಮೇಲೆ ಬಾಗಿಲ ಪಕ್ಕದ ಮೊಂಡು ಹಲ್ಲನ್ನು ನೋಡಿದ.

"ಅದನ್ನೂ ಮನೆ ಸಾಮಾನಿಗೆ ಸೇರಿಸ್ಕೋ" ಎಂದ. "ನನ್ನ ಜತೆಗೆ."

ಸಿಟ್ಟಿನಿಂದ ಅಂದಿದ್ದರೆ ಜೋಗಮ್ಮ ತಡೆದುಕೊಳ್ಳುತ್ತಿದ್ದಳು. ಅವನು ಯಾವ ಸಿಟ್ಟೂ ಇಲ್ಲದೆ, ಮಳೆ ನಿಂತಿತು ಎನ್ನುವ ಹಾಗೆ ಅಂದ. ಅವಳು ಹಿತ್ತಲಿಗೆ ಹೋಗಿ ಕೂತಳು. ಬೂದಿಯಲ್ಲಿ ಸಮ್ಮಟಿಯನ್ನು ತಿಕ್ಕುತ್ತ ತಿಕ್ಕುತ್ತ ಅತ್ತಳು. ತಾನು ಇಷ್ಟು ದಿನ ಮನೆಯಲ್ಲಿ ಇಟ್ಟುಕೊಂಡದ್ದು ಕುರಿ ಕಾಯುತ್ತಿದ್ದ ಆ ಹುಡುಗನನ್ನಲ್ಲ ಎಂದು ಅವಳಿಗೆ ಅರ್ಥವಾಯಿತು. ಆ ಹುಡುಗ ಎಂದೋ ಗಣಿಯ ಲಾರಿ ಹತ್ತಿದ್ದ. ಈ ಮುದುಕನ ಜೀವ ಇಕ್ಕಳದ ತುದಿಯಲ್ಲಿತ್ತು, ಅದನ್ನು ತಾನೇ ರಾಗಿ ಡಬ್ಬದಲ್ಲಿ ಮುಚ್ಚಿಟ್ಟಿದ್ದಳು.

ಆ ಸಂಜೆ ಎಲ್ಲರೂ ಉಣ್ಣಲು ಕೂತಾಗ ಅವಳು ಬಡಿಸಲಿಲ್ಲ. ರಾಗಿ ಡಬ್ಬದಲ್ಲಿ ಮೊಣಕೈವರೆಗೆ ಕೈ ಇಳಿಸಿ ಪಿನ್ನು ತೆಗೆದು, ಹಿಟ್ಟು ಕೊಡವಿ, ತಟ್ಟೆಗಳ ನಡುವೆ ಇಟ್ಟಳು.

"ಇದು ಹೊಸದು" ಎಂದಳು. "ಆವತ್ತು ಕಲ್ಲಿನ ಮೇಲಿಂದ ನಾನು ಎತ್ಕಂಡಿದ್ದು ಇದನ್ನ. ನನ್ನ ಬೆಳ್ಳುಳ್ಳಿ ಪಿನ್ನು ನಿಮ್ಮ ಚೀಲಕ್ಕೆ ಬಂತು. ಹಲ್ಲು ಬಿದ್ದಿದ್ದು ನನ್ನಿಂದ. ನಿಮ್ಮಪ್ಪನ ಕಿವಿಯಿಂದಲ್ಲ."

ಮಾರುತೇಶ ಪಿನ್ನು ಎತ್ತಿ ತಿರುಗಿಸಿ ನೋಡಿದ. ಅವನ ಮುಖ ಕೆಂಪಾಯಿತು. ಏನು ಮಾಡಿದಿ ಅವ್ವ, ಎಷ್ಟು ಮಾತು ಕೇಳಿಸ್ಕಂಡೆ ನಾನು, ಅಲ್ಲಿ ಎಷ್ಟು ಜನರ ಎದುರಿಗೆ ನಿಂತಿದ್ದೆ ಎಂದು ಅವನ ದನಿ ಏರುತ್ತ ಹೋಯಿತು. ವನಜಾಕ್ಷಿ ನಡುವೆ ಬಾಯಿ ಹಾಕಿದಳು.

"ಹೊಸದ್ಯಾವುದು ಹಳೇದ್ಯಾವುದು ಅಂತ ಬಾಚೋವಾಗ ನೀವು ನೋಡಿದ್ರಾ? ಮಾರನೇ ದಿನ ಹಲ್ಲು ನೋಡೋಕೆ ಹೋಗ್ತೀನಿ ಅಂದಿದ್ರಲ್ಲ, ಹೋಗಿದ್ರಾ?"

ಮಾರುತೇಶ ಹೋಗಿರಲಿಲ್ಲ.

ಕ್ಯಾತಣ್ಣ ಎದ್ದ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ತನ್ನ ಖಾಕಿ ಅಂಗಿಯ ಜೇಬಿಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಹೆಂಡತಿಯ ಮುಂದೆ ಬಿಚ್ಚಿದ. ಗುಂಡನೆಯ ತುದಿಯ ಪಿನ್ನು. ಮೈಮೇಲೆ ಎರಡು ಹೊಸ ಗೀರು ಬಿದ್ದಿದ್ದವು. ಜೋಗಮ್ಮ ಮುಟ್ಟಿದಳು. ಅದು ಅವಳ ಅಂಗೈಯೊಳಗೆ ತನ್ನ ಜಾಗದಲ್ಲಿ ಕೂತಿತು.

"ಆವತ್ತೇ ಸಿಕ್ತು" ಎಂದ ಕ್ಯಾತಣ್ಣ. "ಲೋಡರ್ ನಿಂತಿದ್ದ ಜಾಗದಾಗೆ, ಮಣ್ಣಾಗೆ. ನಿನ್ನ ಕೈ ಸವೆಸಿದ್ದು ನಂಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ಇವನು ನಿನ್ನ ಮೇಲೆ ಕೂಗಾಡ್ತಿದ್ದ. ನನ್ನ ಮೇಲೆ ಕೂಗಾಡಿದ್ರೆ ನಂಗೆ ಅರ್ಧ ಕೇಳಲ್ಲ."

ಮಾರುತೇಶ ತಟ್ಟೆಯನ್ನೇ ನೋಡುತ್ತ ಕೂತ. ಕ್ಯಾತಣ್ಣ ಅಷ್ಟಕ್ಕೇ ಬಿಡಲಿಲ್ಲ, ತನ್ನ ಪಾಲನ್ನೂ ಹೇಳಿದ. ಇಕ್ಕಳದಲ್ಲಿ ಹಿಡಿದಾಗ ಗ್ರೀಸು ಮೆತ್ತಿದ್ದರಿಂದ ಪಿನ್ನಿನ ಗುರುತು ಸಿಕ್ಕಿರಲಿಲ್ಲ. ಹೊಸ ಪಿನ್ನು ತೂತಿನಲ್ಲಿ ಜಗಳವಾಡಿಕೊಂಡು ಒಳಗೆ ಹೋಗಬೇಕು. ಈ ಪಿನ್ನು ಎರಡೇ ಏಟಿಗೆ ಸಲೀಸಾಗಿ ಹೋದಾಗ ತನ್ನ ಕೈಗೆ ಅನುಮಾನ ಬಂದಿತ್ತು, ಆದರೂ ಸಾಕು ಅಂದುಬಿಟ್ಟೆ ಎಂದ.

ಜೋಗಮ್ಮನಿಗೆ ಇನ್ನೊಂದು ಹೇಳುವುದು ಉಳಿದಿತ್ತು. ಪಿನ್ನು ಬದಲಾದದ್ದನ್ನು ಹೇಳಿದ್ದಕ್ಕಿಂತ ಅದು ಕಷ್ಟ. ತಲೆ ತಗ್ಗಿಸಿಕೊಂಡು, ತುಟಿಯೊಳಗೇ ಹೇಳಿ ಮುಗಿಸಿದಳು. ಕ್ಯಾತಣ್ಣ ಕಿವಿಗೆ ಕೈ ಇಟ್ಟು ಅವಳ ಕಡೆ ಬಾಗಿದ.

"ಏನಂದಿ?"

ಮಗ ಎದುರಿಗಿದ್ದ. ಸೊಸೆ ಇದ್ದಳು. ಮೊಮ್ಮಗಳು ಮುದ್ದೆ ಕೈಯಲ್ಲಿ ಹಿಡಿದು ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಜೋಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ರಸ್ತೆಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಹೇಳಿದಳು.

"ನಂಗೂ ಮಾರನೇ ದಿನವೇ ಗೊತ್ತಾಗಿತ್ತು. ಹೇಳಿದ್ರೆ ನೀನು ಮತ್ತೆ ಗಣಿಗೆ ಹೋಗ್ತೀಯ ಅಂತ ಹೇಳ್ಲಿಲ್ಲ. ನನ್ನ ಹತ್ರ ಕೂತಿರ್ತೀಯ ಅಂತ ಹೇಳ್ಲಿಲ್ಲ. ಈಗ ಕೇಳ್ತಾ?"

ಕೇಳಿತ್ತು. ಮುಪ್ಪಿನಲ್ಲಿ ನಾಚಿಕೆ ಬಂದರೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗುವುದಿಲ್ಲ. ಕ್ಯಾತಣ್ಣ ತನ್ನ ತಟ್ಟೆಯನ್ನು ಅವಳ ಕಡೆ ಸರಿಸಿ, ಹಸಿವಾಗೈತೆ, ಬಡಿಸು ಎಂದ. ಆವತ್ತು ಪಿನ್ನಿನಲ್ಲಿ ಜಜ್ಜಿದ ಖಾರಕ್ಕೆ ಎರಡು ಮುದ್ದೆ ಉಂಡ.

ಊಟವಾದ ಮೇಲೆ ಮಾರುತೇಶ ಅಂಗಳದಲ್ಲಿ ನಿಂತು ಅಮರೇಶನಿಗೆ ಫೋನು ಮಾಡಿದ. ಪಿನ್ನು ಬದಲಾದ ಕತೆಯನ್ನು ತನ್ನ ತಪ್ಪೆಂದೇ ಹೇಳಿದ. ಅಪ್ಪ ಇಲ್ಲದೆ ತನಗೆ ಈ ಕೆಲಸ ಆಗುವುದಿಲ್ಲ ಎಂದೂ ಹೇಳಿದ. ಅದನ್ನು ಮಾತ್ರ ಸ್ವಲ್ಪ ಜೋರಾಗಿ ಹೇಳಿದ. ಅಮರೇಶ ಒಂದಿಷ್ಟು ಗೊಣಗಿ, ಹಾಗಾದರೆ ಹಲ್ಲು ಹಾಕುವಷ್ಟು ಹೊತ್ತೂ ಲೋಡರಿನ ಬೀಗದಕೈ ನಿಮ್ಮಪ್ಪನ ಜೇಬಿನಲ್ಲೇ ಇರಬೇಕು, ಯಾವ ಮಿಷನ್ನೂ ಹತ್ತಿರ ಅಲುಗಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ. ಒಳಗೆ ಬಂದ ಮಾರುತೇಶ ಅಪ್ಪನ ಮುಖ ನೋಡದೆ ಗೋಡೆಯ ಕಡೆ ತಿರುಗಿ, "ಬೆಳಿಗ್ಗೆ ಬೇಗ ಹೊರಡ್ಬೇಕು ಅಪ್ಪ" ಎಂದ.

ಬೆಳಿಗ್ಗೆ ಆಶಾ ತನ್ನ ಜಡೆಯ ಹಳೆಯ ಕೆಂಪು ಟೇಪಿನ ತುಂಡೊಂದನ್ನು ಅಜ್ಜಿಯ ಪಿನ್ನಿನ ಸೊಂಟಕ್ಕೆ ಕಟ್ಟಿದಳು. ಜೋಗಮ್ಮ ರಾಗಿ ಡಬ್ಬದ ಪಿನ್ನನ್ನು ತಾನೇ ಒರೆಸಿ ಮಗನ ಚೀಲಕ್ಕೆ ಹಾಕಿದಳು. ಸಮ್ಮಟಿಯ ಹಿಡಿಗೆ ಶೇಂಗಾ ಎಣ್ಣೆ ಸವರಿ ತಂದುಕೊಟ್ಟಳು. ಕ್ಯಾತಣ್ಣ ಖಾಕಿ ಅಂಗಿ ತೊಟ್ಟು ಲಗೇಜ್ ಆಟೋ ಹತ್ತಿದ. ಹತ್ತುವಾಗ ಅವನ ಬೆನ್ನು ನೆಟ್ಟಗಾದದ್ದನ್ನು ಅವಳು ನೋಡಿದಳು, ನೋಡಿ ಹೊಟ್ಟೆಕಿಚ್ಚೂ ಪಟ್ಟಳು. ಆಟೋ ತಿರುವು ದಾಟಿದ ಮೇಲೆ ಒಳಗೆ ಬಂದರೆ ಮನೆ ಹಳೆಯ ಸೋಮವಾರದ ಮನೆಯಾಗಿತ್ತು. ಅವಳು ಬೇಕಿಲ್ಲದಿದ್ದರೂ ಒಂದಿಷ್ಟು ಬೆಳ್ಳುಳ್ಳಿ ಸುಲಿದು ಜಜ್ಜಿದಳು.

ದೀಪ ಹಚ್ಚುವ ಹೊತ್ತಿಗೆ ಆಟೋ ಬಂತು. ಮಾರುತೇಶ ಮುಂದೆ ಇಳಿದ. ಹಿಂದೆ ಕ್ಯಾತಣ್ಣ ಇಳಿದ. ಮುಖಮೈಯೆಲ್ಲ ಧೂಳು, ಎದೆಗೆ ಅವುಚಿಕೊಂಡ ಟವೆಲಿನಲ್ಲಿ ಏನೋ ಭಾರ. ಜೋಗಮ್ಮ ಹೊಸ್ತಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಮತ್ತೆ ಕಬ್ಬಿಣವಾ?" ಎಂದಳು.

ಅವನಿಗೆ ಕೇಳಿಸಲಿಲ್ಲ. ಟವೆಲು ಬಿಚ್ಚಿ, ಕಲ್ಲು ಕೆರೆದು ಮೊಂಡಾದ ಒಂದು ಹಲ್ಲನ್ನು ಅವಳ ಮುಂದೆ ಹಿಡಿದು ನಗುತ್ತ ನಿಂತ. ಜೋಗಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಇನ್ನೂ ಬಿಸಿಲಿನ ಬಿಸಿ ಇತ್ತು. ಇದನ್ನು ಎಲ್ಲಿ ಇಡುವುದೆಂದು ಹುಡುಕುತ್ತ ಒಳಗೆ ಹೋದಳು.